ಮದುವೆ ವಿಡಿಯೊ ಎಡಿಟಿಂಗ್‌ಗೆ ಹೊಸ ಡೆಸ್ಕ್‌ಟಾಪ್: ಇಂಟೆಲ್ ಕೊಳ್ಳುವುದೋ, ಎಎಂಡಿ ಕೊಳ್ಳುವುದೋ?

ತುಂಗಾತೀರ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ನಾನೂ ನನ್ನ ಯಜಮಾನರೂ ಸೇರಿ ಒಂದು ಸಣ್ಣ ಸ್ಟುಡಿಯೊ ನಡೆಸುತ್ತಿದ್ದೇವೆ. ಮದುವೆ, ಉಪನಯನ, ಗೃಹಪ್ರವೇಶಗಳ ಚಿತ್ರೀಕರಣ ಅವರದು; ವಿಡಿಯೊ ಎಡಿಟಿಂಗ್, ಆಲ್ಬಂ ವಿನ್ಯಾಸ, ಲಗ್ನಪತ್ರಿಕೆಯ ಅಕ್ಷರಜೋಡಣೆ ನನ್ನದು.

ಈಗಿರುವ ಕಂಪ್ಯೂಟರು 2017ರಲ್ಲಿ ಕೊಂಡದ್ದು. ಇಂಟೆಲ್ ಐ5 7400 ಪ್ರೊಸೆಸರ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಒಂದು ಎಸ್‌ಎಸ್‌ಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇದೆ. ಯಜಮಾನರು ಹೊಸ ಕ್ಯಾಮೆರಾ ತಂದಮೇಲೆ ಅದರ ವಿಡಿಯೊವನ್ನು ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ನೇರವಾಗಿ ಓಡಿಸಲು ಆಗುತ್ತಲೇ ಇಲ್ಲ. ಧಾರೆಯ ದೃಶ್ಯದಲ್ಲಿ ಎಲ್ಲಿ ಕತ್ತರಿಸಬೇಕೆಂದು ನೋಡಲು ಪ್ಲೇ ಒತ್ತಿದರೆ ಧ್ವನಿ ಮುಂದೆ ಹೋಗುತ್ತದೆ, ಚಿತ್ರ ನಿಂತಲ್ಲೇ ನಿಲ್ಲುತ್ತದೆ. ಪ್ರತಿ ಮದುವೆಯ ವಿಡಿಯೊಗೂ ಮೊದಲು ಪ್ರಾಕ್ಸಿ (ಎಡಿಟಿಂಗ್‌ಗೆಂದು ಮಾಡುವ ಹಗುರವಾದ ನಕಲು) ಮಾಡಿಕೊಳ್ಳಲೇಬೇಕು. ಅದಕ್ಕೆ ಒಂದು ರಾತ್ರಿ ಪೂರ್ತಿ ಬೇಕು, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ಮಾನಿಟರ್ ಬಿಟ್ಟು ಅರವತ್ತು ಸಾವಿರ ರೂಪಾಯಿ ಒದಗಿಸಿಕೊಂಡಿದ್ದೇವೆ. ಒಬ್ಬ ಅಂಗಡಿಯವರು ಇಂಟೆಲ್ ಬಿಟ್ಟು ಬೇರೆ ನೋಡಲೇಬೇಡಿ ಎನ್ನುತ್ತಾರೆ, ಇನ್ನೊಬ್ಬರು ಈಗೇನಿದ್ದರೂ ಎಎಂಡಿಯ ರೈಜನ್ ಎನ್ನುತ್ತಾರೆ. ಇಬ್ಬರೂ ಕಾರಣ ಮಾತ್ರ ಹೇಳುವುದಿಲ್ಲ. ಲಗ್ನದ ದಿನಗಳು ಶುರುವಾಗುವ ಮೊದಲು ಕೊಳ್ಳಬೇಕಾಗಿದೆ. ಕಾರಣ ಸಹಿತ ತಿಳಿಸುವವರಿಗೆ ಋಣಿಯಾಗಿರುತ್ತೇನೆ.

ನವುಲೆ ಹಾಸ್ಟೆಲ್ (ಶಿವಮೊಗ್ಗ):

ಅಕ್ಕಾ, ನಾನು ಇಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿ. ನನ್ನ ಸಲಹೆ ಎಎಂಡಿ ರೈಜನ್ 5 7600, ಎಎಂ5 ಮದರ್‌ಬೋರ್ಡಿನೊಂದಿಗೆ.

ಮುಖ್ಯ ಕಾರಣ ಮದರ್‌ಬೋರ್ಡಿನ ಆಯುಷ್ಯ. ರೈಜನ್ ಮೊದಲು ಬಂದದ್ದು 2017ರಲ್ಲಿ, ಎಎಂ4 ಸಾಕೆಟ್‌ನಲ್ಲಿ (ಸಾಕೆಟ್ ಎಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ). ಆ ವರ್ಷದ ಅನೇಕ ಬೋರ್ಡುಗಳಿಗೆ ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ 2022ರ ರೈಜನ್ 7 5800ಎಕ್ಸ್3ಡಿ ಪ್ರೊಸೆಸರನ್ನೇ ಹಾಕಬಹುದಾಗಿತ್ತು. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ 12, 13, 14ನೇ ಪೀಳಿಗೆಗಳಿಗೆ ಮುಗಿಯಿತು. 2024ರ ಕೊನೆಗೆ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ1851 ಎಂಬ ಬೇರೆಯೇ ಬೋರ್ಡು ಬೇಕು. ಎಎಂ5 ಸಾಕೆಟ್ಟನ್ನು 2027ರವರೆಗೂ ಅದರಾಚೆಗೂ ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಎಂಟು ವರ್ಷ ಒಂದೇ ಯಂತ್ರ ಇಟ್ಟುಕೊಳ್ಳುವ ನಿಮ್ಮಂಥವರಿಗೆ ನಡುವೆ ಒಮ್ಮೆ ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ತೆರೆದಿರುವುದು ಸಣ್ಣ ಲಾಭವಲ್ಲ.

ವಿದ್ಯುತ್ತಿನ ವಿಷಯವೂ ಇದೆ. ರೈಜನ್ 5 7600 ತನ್ನ ಮೂಲ ಹೊಂದಾಣಿಕೆಯಲ್ಲಿ ಎಷ್ಟೇ ದುಡಿದರೂ 88 ವ್ಯಾಟ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಂಟೆಲ್‌ನ ಐ5 14500ರ ಮೇಲೆ 65 ವ್ಯಾಟ್ ಎಂದು ಬರೆದಿದ್ದರೂ ಟರ್ಬೊದಲ್ಲಿ, ಅಂದರೆ ಹೆಚ್ಚಿನ ವೇಗದಲ್ಲಿ ಓಡುವಾಗ, 154 ವ್ಯಾಟ್‌ವರೆಗೆ ಏರಲು ಅದಕ್ಕೆ ಅವಕಾಶವಿದೆ. ಕರೆಂಟು ಹೋದಾಗ ಈ ವ್ಯತ್ಯಾಸ ಯುಪಿಎಸ್ ಬ್ಯಾಟರಿಯ ಮೇಲೆ ಬೀಳುತ್ತದೆ.

13 ಮತ್ತು 14ನೇ ಪೀಳಿಗೆಯ ಕೆಲವು ಇಂಟೆಲ್ ಪ್ರೊಸೆಸರ್‌ಗಳು ಹೆಚ್ಚಿನ ವೋಲ್ಟೇಜಿನಿಂದಾಗಿ ಕಾಲಕ್ರಮದಲ್ಲಿ ಅಸ್ಥಿರವಾಗುತ್ತಿದ್ದುದನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡದ್ದೂ ತಮಗೆ ತಿಳಿದಿರಲಿ.

ಸ್ಕ್ರೂಡ್ರೈವರ್ (ದುರ್ಗಿಗುಡಿ, ಶಿವಮೊಗ್ಗ):

ನಾನು ಕಂಪ್ಯೂಟರ್ ಜೋಡಣೆ ಮತ್ತು ರಿಪೇರಿಯ ಕೆಲಸದಲ್ಲಿರುವವನು. ತಮ್ಮ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ಆದರೆ ಕೆಲವು ಮಾತು ಸೇರಿಸಬೇಕು.

ಇಂಟೆಲ್‌ನ ಆ ದೋಷ ಮುಖ್ಯವಾಗಿ ಕಾಡಿದ್ದು ಐ7, ಐ9ರಂತಹ ಮೇಲ್ದರ್ಜೆಯ ಚಿಪ್‌ಗಳನ್ನು. 2024ರ ಆಗಸ್ಟ್‌ನಿಂದ ಅದಕ್ಕೆ ಮೈಕ್ರೋಕೋಡ್ (ಚಿಪ್‌ನ ಒಳಗಿನ ತಂತ್ರಾಂಶ) ತಿದ್ದುಪಡಿ ಬಂತು, ಬಾಧಿತ ಚಿಪ್‌ಗಳ ವಾರಂಟಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದರು. 12ನೇ ಪೀಳಿಗೆಗೆ ಈ ತೊಂದರೆಯೇ ಇಲ್ಲ. ಎಎಂಡಿಯಲ್ಲೂ 2023ರಲ್ಲಿ ಕೆಲವು 7000ಎಕ್ಸ್3ಡಿ ಚಿಪ್‌ಗಳು ಸಾಕೆಟ್ಟಿನಲ್ಲೇ ಸುಟ್ಟದ್ದುಂಟು. ಅದಕ್ಕೂ ಬಯಾಸ್‌ನಲ್ಲಿ ವೋಲ್ಟೇಜಿಗೆ ಮಿತಿ ಹಾಕಿ ಸರಿಪಡಿಸಿದರು. ಆದುದರಿಂದ ಯಾವುದನ್ನೇ ಕೊಂಡರೂ ಜೋಡಿಸಿದ ದಿನವೇ ಬಯಾಸ್ ಅಪ್‌ಡೇಟ್ ಮಾಡಿಸಿ, ಅಂಗಡಿಯಲ್ಲೇ ನಿಂತು ಮಾಡಿಸಿ.

ನಿಮ್ಮ ಹಣದ ಮಟ್ಟಿಗೆ ದೊಡ್ಡ ಪ್ರಶ್ನೆ ರ‍್ಯಾಮ್. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತ ಏರಿತು. ಎಐ ಸರ್ವರ್‌ಗಳ ಬೇಡಿಕೆ ಅದಕ್ಕೆ ಕಾರಣ. ಎಎಂ5 ಬೋರ್ಡಿನಲ್ಲಿ ಡಿಡಿಆರ್5 ಮಾತ್ರ ಕೂರುತ್ತದೆ, ಅಂದರೆ ನಿಮ್ಮ ಹಳೆಯ 16 ಜಿಬಿ ರ‍್ಯಾಮ್ ಪೆಟ್ಟಿಗೆ ಸೇರುತ್ತದೆ. ಎಲ್‌ಜಿಎ1700ರಲ್ಲಿ ಡಿಡಿಆರ್4 ಬೋರ್ಡುಗಳೂ ಇವೆ. ಅದರಲ್ಲಿ ನಿಮ್ಮ ರ‍್ಯಾಮನ್ನೇ ಹಾಕಬಹುದು. ಅದರ ವೇಗ ಈಗಿನ ಮಟ್ಟಿಗೆ ಕಡಿಮೆಯೇ, ಆದರೂ ಕೆಲಸಕ್ಕೆ ಅಡ್ಡಿಯಾಗುವಷ್ಟಲ್ಲ. ಎಎಂಡಿಯೇ ಬೇಕೆಂದರೆ ಹಳೆಯ ಎಎಂ4ರ ರೈಜನ್ 5 5600ಜಿ ಕೂಡ ಡಿಡಿಆರ್4ರಲ್ಲೇ ನಡೆಯುತ್ತದೆ.

ಎಎಂ4ರಲ್ಲಿ ಒಂದು ಎಚ್ಚರ ಬೇಕು. ಅದರಲ್ಲಿ ಪಿನ್ನುಗಳಿರುವುದು ಬೋರ್ಡಿನಲ್ಲಲ್ಲ, ಪ್ರೊಸೆಸರಿನ ಹೊಟ್ಟೆಯ ಕಡೆ. ಥರ್ಮಲ್ ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ, ಕೂಲರ್ ಎತ್ತುವಾಗ ಪ್ರೊಸೆಸರೂ ಅದರ ಜೊತೆಗೇ ಕಿತ್ತುಕೊಂಡು ಬರುತ್ತದೆ. ನಾನೇ ಒಮ್ಮೆ ಅವಸರ ಮಾಡಿ ಮೂರು ಪಿನ್ ಬಗ್ಗಿಸಿದೆ. ಸೀಸದ ಕಡ್ಡಿ ತೆಗೆದ ಪುಶ್ ಪೆನ್ಸಿಲ್‌ನ ತುದಿಯೊಳಗೆ ಒಂದೊಂದೇ ಪಿನ್ ತೂರಿಸಿ, ಭೂತಗನ್ನಡಿ ಹಿಡಿದು, ನೆಟ್ಟಗೆ ಮಾಡಲು ಒಂದು ಮಧ್ಯಾಹ್ನ ಹಿಡಿಯಿತು. ಐದು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಪೇಸ್ಟ್ ಬಿಸಿಯಾದ ಮೇಲೆ ಆಫ್ ಮಾಡಿ, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಎತ್ತಬೇಕು.

ಜೋಗದ ಹಾದಿ (ಸಾಗರ):

ಮೇಡಂ, ನಾನೂ ಮದುವೆ ವಿಡಿಯೊ ಎಡಿಟ್ ಮಾಡುವವನು. ಉಳಿದ ಲೆಕ್ಕಕ್ಕೆ ಹೋಗುವ ಮೊದಲು ಒಂದು ವಿಷಯ ನೋಡಿ ತಿಳಿಸಿ: ನಿಮ್ಮ ಕ್ಯಾಮೆರಾದ ಮೆನುವಿನಲ್ಲಿ ರೆಕಾರ್ಡಿಂಗ್ ವಿಧಾನ ಏನೆಂದಿದೆ? ಎಚ್.265 (ವಿಡಿಯೊ ಕಡತವನ್ನು ಕುಗ್ಗಿಸುವ ಒಂದು ವಿಧಾನ), 10 ಬಿಟ್, 4:2:2 ಎಂದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ನಾಲ್ಕು ಪಿಕ್ಸೆಲ್‌ಗಳ ಒಂದು ಚೌಕವನ್ನು ತೆಗೆದುಕೊಳ್ಳಿ. ಬೆಳಕಿನ ಮಾಹಿತಿ ನಾಲ್ಕಕ್ಕೂ ಇರುತ್ತದೆ. ಬಣ್ಣದ ಮಾಹಿತಿ ಮಾತ್ರ 4:2:0 ವಿಧಾನದಲ್ಲಿ ನಾಲ್ಕಕ್ಕೂ ಸೇರಿ ಒಂದೇ, 4:2:2ರಲ್ಲಿ ಎರಡು. ರೇಷ್ಮೆ ಸೀರೆಯ ಕೆಂಪು ಅಂಚು, ಮಂಟಪದ ಹಳದಿ ದೀಪದಡಿಯ ಮುಖದ ಬಣ್ಣ ಇವನ್ನು ಆಮೇಲೆ ತಿದ್ದುವಾಗ ಈ ಹೆಚ್ಚಿನ ಮಾಹಿತಿ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಆ ಕಡತವನ್ನು ಬಿಡಿಸಿ ತೋರಿಸುವುದು ಕಂಪ್ಯೂಟರಿಗೆ ಭಾರವಾದ ಕೆಲಸ. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಎಂಬ ಭಾಗ, ಡೆಸ್ಕ್‌ಟಾಪ್ 11ನೇ ಪೀಳಿಗೆಯಿಂದ ಈಚೆಗೆ, ಎಚ್.265 4:2:2 ಕಡತವನ್ನು ತಾನೇ ಬಿಡಿಸುತ್ತದೆ. ರೈಜನ್ 7600, 5600ಜಿ ಇವುಗಳ ಒಳಗಿನ ಗ್ರಾಫಿಕ್ಸ್‌ಗೆ ಆ ಶಕ್ತಿ ಇಲ್ಲ; ಅಲ್ಲಿ ಇಡೀ ಭಾರ ಪ್ರೊಸೆಸರಿನ ಕೋರ್‌ಗಳ ಮೇಲೆ ಬೀಳುತ್ತದೆ. ಎನ್‌ವಿಡಿಯಾದ ಕಾರ್ಡುಗಳಲ್ಲೂ 2025ರ ಆರ್‌ಟಿಎಕ್ಸ್ 50 ಸರಣಿಯಿಂದಷ್ಟೇ ಈ ಸೌಲಭ್ಯ ಬಂದಿದೆ, ಅದನ್ನು ಸೇರಿಸಿದರೆ ನಿಮ್ಮ ಅರವತ್ತು ಸಾವಿರ ಸಾಲುವುದಿಲ್ಲ.

ಇಂಟೆಲ್‌ನಲ್ಲೇ ಎರಡು ಸೂಕ್ಷ್ಮಗಳಿವೆ. ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರ್ ಬೇಡವೇ ಬೇಡ. ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಆದ್ದರಿಂದ ಕ್ವಿಕ್ ಸಿಂಕ್ ಕೂಡ ಇಲ್ಲ. ಸ್ವಲ್ಪ ಅಗ್ಗ ಎಂದು ಅಂಗಡಿಯವರು ಅದನ್ನೇ ಮುಂದಿಡುತ್ತಾರೆ. ಇನ್ನೊಂದು, ಐ5 12400, 14400 ಇವುಗಳಲ್ಲಿರುವ ಯುಎಚ್‌ಡಿ 730 ಗ್ರಾಫಿಕ್ಸ್‌ನಲ್ಲಿ ವಿಡಿಯೊ ಬಿಡಿಸುವ ಎಂಜಿನ್ ಒಂದೇ. 12500, 14500ರಲ್ಲಿರುವ ಯುಎಚ್‌ಡಿ 770ರಲ್ಲಿ ಎರಡು. ಎರಡು ಕ್ಯಾಮೆರಾದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಕತ್ತರಿಸುವ ನಮ್ಮ ಕೆಲಸದಲ್ಲಿ ಇದು ಕೈಗೆ ತಿಳಿಯುವ ವ್ಯತ್ಯಾಸ.

ನವುಲೆ ಹಾಸ್ಟೆಲ್ (ಶಿವಮೊಗ್ಗ):

4:2:2ರ ವಿಷಯ ನಾನು ಯೋಚಿಸಿರಲಿಲ್ಲ, ಸರ್. ಕೋಡ್ ಕಂಪೈಲ್ ಮಾಡುವ, ಆಟ ಆಡುವ ದೃಷ್ಟಿಯಿಂದಲೇ ಹೇಳಿದ್ದೆ. ಆದರೂ ಒಂದು ಪ್ರಶ್ನೆ: ಕ್ಯಾಮೆರಾವನ್ನೇ 4:2:0ಗೆ ಇಟ್ಟುಕೊಂಡರೆ ರೈಜನ್ ಸಾಲದೇ?

ಜೋಗದ ಹಾದಿ (ಸಾಗರ):

ಖಂಡಿತ ಸಾಲುತ್ತದೆ. ಎಚ್.265 10 ಬಿಟ್ 4:2:0 ಕಡತವನ್ನು ಎರಡೂ ಕಂಪನಿಗಳ ಗ್ರಾಫಿಕ್ಸ್ ಬಿಡಿಸುತ್ತವೆ. ಆಗ ನಿಮ್ಮ ಮೊದಲ ಸಲಹೆಯೇ ಬಲವಾಗುತ್ತದೆ. ಬಣ್ಣವನ್ನು ಹೆಚ್ಚು ತಿದ್ದದವರಿಗೆ ಅದೇ ಸರಿಯಾದ ದಾರಿ ಎಂದು ನಾನೂ ಒಪ್ಪುತ್ತೇನೆ.

ತುಂಗಾತೀರ (ತೀರ್ಥಹಳ್ಳಿ):

ಕ್ಯಾಮೆರಾ ತೆಗೆದು ನೋಡಿದೆ. ಎಚ್.265, 10 ಬಿಟ್, 4:2:2 ಎಂದೇ ಇದೆ. ಇದನ್ನು ಬದಲಿಸಲು ಯಜಮಾನರಿಗೆ ಮನಸ್ಸಿಲ್ಲ. ನಮ್ಮ ಕಡೆ ಮಳೆಗಾಲದ ಮೋಡದ ಬೆಳಕಿನಲ್ಲಿ, ಅಂಗಳಕ್ಕೆ ಹಾಕಿದ ನೀಲಿ ಟಾರ್ಪಾಲಿನ ಕೆಳಗೆ ತೆಗೆದ ಚಿತ್ರಗಳಲ್ಲಿ ಮುಖಗಳೆಲ್ಲ ನೀಲಿಯಾಗಿರುತ್ತವೆ. ಅದನ್ನು ತಿದ್ದಲು ಬಣ್ಣದ ಮಾಹಿತಿ ಎಷ್ಟಿದ್ದರೂ ಬೇಕು ಎನ್ನುತ್ತಾರೆ. ಮಾತು ನಿಜ. ತಿದ್ದುವವಳು ನಾನೇ ಆದ್ದರಿಂದ ನನಗೂ ಗೊತ್ತಿದೆ.

ಸ್ಕ್ರೂಡ್ರೈವರ್ (ದುರ್ಗಿಗುಡಿ, ಶಿವಮೊಗ್ಗ):

ಹಾಗಾದರೆ ನಮ್ಮ ಯಾರ ಮಾತನ್ನೂ ನಂಬಿ ಹಣ ಕೊಡಬೇಡಿ. ಶಿವಮೊಗ್ಗಕ್ಕೆ ಬರುವಾಗ ಕ್ಯಾಮೆರಾದ ಮೆಮೊರಿ ಕಾರ್ಡನ್ನೇ ತನ್ನಿ. ಗಿರಾಕಿಯೊಬ್ಬರ ರೈಜನ್ 7600 ಯಂತ್ರವೂ ಇನ್ನೊಬ್ಬರ ಐ5 14500 ಯಂತ್ರವೂ ಈಗ ಅಂಗಡಿಯಲ್ಲಿವೆ, ಇಬ್ಬರ ಒಪ್ಪಿಗೆಯನ್ನೂ ಕೇಳಿ ಇಟ್ಟಿರುತ್ತೇನೆ. ಟಾಸ್ಕ್ ಮ್ಯಾನೇಜರ್ ತೆರೆದು, ಗ್ರಾಫಿಕ್ಸ್ ಪುಟದ 'ವಿಡಿಯೊ ಡೀಕೋಡ್' (ವಿಡಿಯೊ ಬಿಡಿಸುವ ಕೆಲಸ) ಎಂಬ ಗೆರೆಯನ್ನು ನೀವೇ ನೋಡಿ.

ತುಂಗಾತೀರ (ತೀರ್ಥಹಳ್ಳಿ):

ನಿನ್ನೆ ಹೋಗಿ ಬಂದೆವು. ಒಂದೇ ಧಾರೆಯ ದೃಶ್ಯವನ್ನು ಎರಡರಲ್ಲೂ ಓಡಿಸಿದೆವು. ರೈಜನ್ ಯಂತ್ರದಲ್ಲಿ ಡೀಕೋಡ್ ಗೆರೆ ನೆಲ ಬಿಟ್ಟು ಏಳಲೇ ಇಲ್ಲ, ಪ್ರೊಸೆಸರಿನ ಗೆರೆ ಮಾತ್ರ ಮೇಲಕ್ಕೆ ಹೋಗಿ ಅಲ್ಲಿಯೇ ನಿಂತಿತು. ಒಂದು ಕ್ಯಾಮೆರಾದ ಚಿತ್ರ ಹೇಗೋ ಓಡಿತು. ಎರಡನೆಯದನ್ನು ಪಕ್ಕಕ್ಕೆ ಇಟ್ಟಾಗ ಅಕ್ಷತೆ ಎರಚುವ ಕೈಗಳು ತಡೆತಡೆದು ಚಲಿಸಿದವು. ಐ5 14500ರಲ್ಲಿ ಡೀಕೋಡ್ ಗೆರೆ ಏರಿತು, ಪ್ರೊಸೆಸರ್ ನಿರಾಳವಾಗಿತ್ತು, ಎರಡು ಚಿತ್ರಗಳೂ ಪ್ರಾಕ್ಸಿ ಇಲ್ಲದೆ ಓಡಿದವು. ನಾನು ಹಿಂದೆ ಮುಂದೆ ಎಳೆದು, ಬೇಕೆಂದ ಚೌಕಟ್ಟಿನಲ್ಲಿ ನಿಲ್ಲಿಸಿ ನೋಡಿದೆ. ಎಷ್ಟೋ ತಿಂಗಳ ಮೇಲೆ ಹಾಗೆ ಕೆಲಸ ಮಾಡಿದ್ದು.

ಆದಕಾರಣ ಐ5 14500, ಡಿಡಿಆರ್4 ಬೋರ್ಡು ಎಂದು ನಿಶ್ಚಯಿಸಿದ್ದೇವೆ. ನಮ್ಮ ಹಳೆಯ ರ‍್ಯಾಮನ್ನೇ ಹಾಕಿ, ಉಳಿದ ಹಣದಲ್ಲಿ ಇನ್ನೊಂದು ಎಸ್‌ಎಸ್‌ಡಿ ಕೊಳ್ಳುತ್ತೇವೆ. ಮುಂದೆ ಇದೇ ಬೋರ್ಡಿಗೆ ಹೊಸ ಪೀಳಿಗೆಯ ಪ್ರೊಸೆಸರ್ ಹಾಕಲಾಗದು ಎಂದು ತಮ್ಮ ಹೇಳಿದ್ದು ನೆನಪಿದೆ, ತಿಳಿದೇ ಒಪ್ಪಿಕೊಂಡಿದ್ದೇವೆ. ಒಂದೇ ಅನುಮಾನ ಉಳಿದಿದೆ: ನಮ್ಮಲ್ಲಿರುವುದು 600 ವಿಎ ಯುಪಿಎಸ್. 154 ವ್ಯಾಟ್ ಅದಕ್ಕೆ ಹೆಚ್ಚಾಗುವುದಿಲ್ಲವೇ?

ಸ್ಕ್ರೂಡ್ರೈವರ್ (ದುರ್ಗಿಗುಡಿ, ಶಿವಮೊಗ್ಗ):

600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿರುವುದರಿಂದ ಮಾನಿಟರ್ ಸೇರಿದರೂ ತಡೆಯುತ್ತದೆ, ಆದರೆ ಬ್ಯಾಟರಿ ಹೆಚ್ಚು ಹೊತ್ತು ಬಾರದು. ಬಯಾಸ್‌ನಲ್ಲಿ ವಿದ್ಯುತ್ ಮಿತಿಯನ್ನು 65 ವ್ಯಾಟ್‌ಗೆ ಇಟ್ಟುಕೊಡುತ್ತೇನೆ. ಕೊನೆಯ ರೆಂಡರ್ (ಎಡಿಟ್ ಆದ ವಿಡಿಯೊವನ್ನು ಪೂರ್ಣ ಕಡತವಾಗಿಸುವುದು) ಸ್ವಲ್ಪ ನಿಧಾನವಾಗಬಹುದು. ದಿನದ ಎಡಿಟಿಂಗ್‌ಗೆ ತಿಳಿಯುವುದೂ ಇಲ್ಲ.

ಯುಪಿಎಸ್‌ಗಿಂತ ಮೊದಲು ಮನೆಯ ಅರ್ಥಿಂಗ್ ನೋಡಿಸಿ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್ ಕರೆಸಲೇಬೇಕು. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಗುಂಡಿ ಕೈಕೊಡುತ್ತದೆ, ಭರಣಿ ಕೃತ್ತಿಕೆಯ ಸಿಡಿಲು ಬರುವುದೂ ಅದೇ ಹೊತ್ತಿಗೆ. ಗುಂಡಿಗೆ ವಾರಕ್ಕೊಮ್ಮೆ ನೀರು ಹಾಕಿ. ಗುಡುಗು ಕೇಳಿಸಿದರೆ ಪವರ್ ಪ್ಲಗ್ ಮಾತ್ರವಲ್ಲ, ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತಿಡಿ. ಆಷಾಢದಲ್ಲಿ ಮದುವೆಗಳಿಲ್ಲ ಎಂದು ತಿಂಗಳುಗಟ್ಟಲೆ ಮುಚ್ಚಿಡಬೇಡಿ, ದಿನಕ್ಕೆ ಒಂದು ಗಂಟೆಯಾದರೂ ಓಡಿಸಿದರೆ ಒಳಗೆ ಥಂಡಿ ಹಿಡಿಯುವುದಿಲ್ಲ. ಹಳೆಯ ರ‍್ಯಾಮ್ ತರುವಾಗ ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಡಿ. ಕಂಪ್ಯೂಟರಿನಿಂದ ಬಿಚ್ಚದೆ ಹಾಗೆಯೇ ತನ್ನಿ, ಇಲ್ಲಿಯೇ ತೆಗೆದು ಹಾಕಿಕೊಡುತ್ತೇನೆ.