ರಾಮ್ ಮೀನಿನ ಜೋಡಿ ಮೊಟ್ಟೆ ಇಡುತ್ತದೆ, ಬೆಳಗಾಗುವಷ್ಟರಲ್ಲಿ ಒಂದೂ ಉಳಿದಿರುವುದಿಲ್ಲ: ಮೊಟ್ಟೆಗಳನ್ನು ಬೇರೆ ತೆಗೆಯಬೇಕೆ?

ಜಯನಗರದ ತೊಟ್ಟಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಎರಡು ಅಡಿ ಟ್ಯಾಂಕಿನಲ್ಲಿ ಜರ್ಮನ್ ಬ್ಲೂ ರಾಮ್ ಮೀನುಗಳ ಒಂದು ಜೋಡಿ ಇದೆ. ಅವುಗಳ ಜೊತೆಗೆ ಒಂದಷ್ಟು ನಿಯಾನ್ ಟೆಟ್ರಾಗಳೂ ತಳದಲ್ಲಿ ಓಡಾಡುವ ಕೋರಿಡೋರಾಸ್‌ಗಳೂ ಇವೆ. ಕಾವೇರಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ ಬಳಸುತ್ತೇನೆ. ಬೇಸಿಗೆಯಲ್ಲಿ ನಮ್ಮ ಕಟ್ಟಡಕ್ಕೆ ಟ್ಯಾಂಕರ್ ನೀರು ಬರುವುದರಿಂದ ಅದೂ ಬೆರೆಯುತ್ತದೆ. ಹೀಟರ್ 28 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ.

ಜೋಡಿ ಕಚ್ಚಾಡದೆ ಒಟ್ಟಿಗೇ ಇರುತ್ತದೆ. ಎರಡೂ ಸೇರಿ ಚಪ್ಪಟೆ ಕಲ್ಲೊಂದನ್ನು ಬಾಯಿಂದ ಉಜ್ಜಿ ಉಜ್ಜಿ ಶುಚಿಗೊಳಿಸುತ್ತವೆ. ಆಮೇಲೆ ಹೆಣ್ಣು ಕಲ್ಲಿಗೆ ಹೊಟ್ಟೆ ತಾಗಿಸಿಕೊಂಡು ಸಾಲಾಗಿ ಮೊಟ್ಟೆ ಅಂಟಿಸುತ್ತಾ ಹೋಗುತ್ತದೆ, ಗಂಡು ಅದರ ಬೆನ್ನಿಗೇ ಅದೇ ಸಾಲಿನ ಮೇಲೆ ಸಾಗುತ್ತದೆ. ಸಂಜೆಯವರೆಗೂ ಇಬ್ಬರೂ ಕಾವಲಿದ್ದು, ಹತ್ತಿರ ಬಂದ ಟೆಟ್ರಾಗಳನ್ನೆಲ್ಲ ಅಟ್ಟುತ್ತವೆ. ರಾತ್ರಿ ಹತ್ತಕ್ಕೆ ದೀಪ ಆರಿಸುತ್ತೇನೆ. ಬೆಳಿಗ್ಗೆ ನೋಡಿದರೆ ಕಲ್ಲು ಬರಿದಾಗಿರುತ್ತದೆ. ಆ ನಂತರ ಕೆಲವು ದಿನ ಗಂಡು ಹೆಣ್ಣನ್ನು ಮೂಲೆಯಿಂದ ಮೂಲೆಗೆ ಓಡಿಸುತ್ತದೆ. ಪ್ರತಿ ಸಲವೂ ಹೀಗೆಯೇ ಆಗುತ್ತಿದೆ.

ತಂದೆತಾಯಿಗಳೇ ಮೊಟ್ಟೆ ತಿನ್ನುತ್ತಿವೆಯೇ? ಹಾಗಿದ್ದರೆ ಕಲ್ಲಿನ ಸಮೇತ ಮೊಟ್ಟೆಗಳನ್ನು ಹೊರಗೆ ತೆಗೆದು ಮರಿ ಮಾಡಿಸುವುದು ಸರಿಯೇ, ಅಥವಾ ಜೋಡಿಯನ್ನೇ ಬದಲಿಸಬೇಕೆ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಮಲ್ಲೇಶ್ವರದ ಮೀನುಮನೆ:

ನಮಸ್ಕಾರ ಸರ್. ತೀರ್ಪು ಕೊಡುವ ಮೊದಲು ಕಳ್ಳ ಯಾರೆಂಬುದನ್ನು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ನೀವು ಬರೆದಿರುವುದರಲ್ಲಿ ರಾಮ್‌ಗಳ ಮೇಲೆ ಆರೋಪ ಹೊರಿಸುವಂಥ ಸಾಕ್ಷ್ಯ ನನಗೆ ಕಾಣಲಿಲ್ಲ. ರಾಮ್ ಹಗಲಿನ ಮೀನು. ಕಣ್ಣಿಗೆ ಕಂಡ ಶತ್ರುವನ್ನು ಮಾತ್ರ ಅದು ಅಟ್ಟಬಲ್ಲದು. ಕೋರಿಡೋರಾಸ್ ಹಾಗಲ್ಲ. ಅದು ಮೀಸೆಯಿಂದ ತಡಕಾಡಿ ಆಹಾರ ಹುಡುಕುವ ಮೀನಾದ್ದರಿಂದ ಕತ್ತಲೆ ಅದಕ್ಕೆ ಅಡ್ಡಿಯೇ ಅಲ್ಲ, ಮೇಲಾಗಿ ಮೈಗೆ ಗಟ್ಟಿ ಕವಚವಿರುವುದರಿಂದ ರಾಮ್‌ನ ಕಚ್ಚುವಿಕೆಗೆ ಸುಲಭವಾಗಿ ಹೆದರುವುದೂ ಇಲ್ಲ. ದೀಪ ಆರಿದ ಮೇಲೆಯೇ ಮೊಟ್ಟೆಗಳು ಮಾಯವಾಗುತ್ತಿದ್ದರೆ ನನ್ನ ಮೊದಲ ಅನುಮಾನ ಕೋರಿಡೋರಾಸ್ ಮೇಲೆಯೇ. ಮುಂದಿನ ಸಲ ಮೊಟ್ಟೆ ಇಟ್ಟ ದಿನ ಅವುಗಳನ್ನು ಬೇರೆ ಟ್ಯಾಂಕಿಗೆ ಹಾಕಿ, ಮಲಗುವ ಕೋಣೆಯಲ್ಲಿ ಬಳಸುವಂಥ ಸಣ್ಣ ದೀಪವೊಂದನ್ನು ಟ್ಯಾಂಕಿನ ಪಕ್ಕದಲ್ಲಿ ರಾತ್ರಿಯಿಡೀ ಉರಿಯಲು ಬಿಡಿ.

ಎರಡನೆಯದಾಗಿ, ಮೊಟ್ಟೆಗಳ ಬಣ್ಣವನ್ನು ಗಮನಿಸಿ. ಫಲಿತ ಮೊಟ್ಟೆ ತಿಳಿ ಕಂದಿನ, ಅರೆಪಾರದರ್ಶಕ ಮಣಿಯಂತೆ ಉಳಿದಿರುತ್ತದೆ. ಫಲಿಸದ ಮೊಟ್ಟೆ ಒಂದು ದಿನದೊಳಗೆ ಬಿಳಿಚಿಕೊಂಡು, ಆಮೇಲೆ ಹತ್ತಿಯಂಥ ಬೂಷ್ಟು ಹಿಡಿಯುತ್ತದೆ. ಬಿಳಿ ಮೊಟ್ಟೆಗಳನ್ನು ತಂದೆತಾಯಿ ಹೆಕ್ಕಿ ತಿನ್ನುವುದು ಕ್ರೌರ್ಯವಲ್ಲ, ಪಕ್ಕದ ಒಳ್ಳೆಯ ಮೊಟ್ಟೆಗಳಿಗೆ ಬೂಷ್ಟು ಹರಡದಂತೆ ಮಾಡುವ ಆರೈಕೆ ಅದು. ಬಹುಪಾಲು ಮೊಟ್ಟೆಗಳು ಬಿಳಿಯಾದಾಗ ಅನೇಕ ಜೋಡಿಗಳು ಆ ಸಲದ ಪ್ರಯತ್ನವನ್ನೇ ಕೈಬಿಟ್ಟು ಎಲ್ಲವನ್ನೂ ತಿಂದುಬಿಡುತ್ತವೆ, ಮತ್ತು ಅಂಥ ಸಂದರ್ಭದಲ್ಲಿಯೇ ಗಂಡು ಹೆಣ್ಣನ್ನು ಓಡಿಸುವುದು ಹೆಚ್ಚು. ನಿಮ್ಮ ಹೆಣ್ಣಿಗೆ ಅಡಗಿಕೊಳ್ಳಲು ಒತ್ತಾಗಿ ಗಿಡಗಳಿರುವ ಒಂದು ಮೂಲೆಯಾದರೂ ಇರಬೇಕು.

ನೀರಿನ ವಿಷಯಕ್ಕೆ ಬಂದರೆ, ಈ ಮೀನಿನ ತವರು ವೆನೆಜುವೆಲಾ ಮತ್ತು ಕೊಲಂಬಿಯಾಗಳಲ್ಲಿ ಹರಡಿರುವ ಒರಿನೋಕೊ ನದಿಯ ಹುಲ್ಲುಗಾವಲು ಬಯಲು. ಅಲ್ಲಿನ ನೀರು ಬೆಚ್ಚಗೆ, ತೀರಾ ಮೃದುವಾಗಿ, ಆಮ್ಲೀಯವಾಗಿ ಇರುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ದೊಡ್ಡ ಮೀನು ಹೇಗೋ ಬದುಕಿಕೊಂಡೀತು, ಆದರೆ ಮೊಟ್ಟೆಗಳು ಸರಿಯಾಗಿ ಫಲಿಸುವುದಿಲ್ಲ. ಟ್ಯಾಂಕರ್ ನೀರು ಬೆರೆಯುತ್ತಿರುವ ತಿಂಗಳುಗಳಲ್ಲಿ ಆರ್‌ಒ ನೀರನ್ನು (ಫಿಲ್ಟರ್‌ನಿಂದ ಲವಣ ತೆಗೆದ ನೀರು) ಅರ್ಧಕ್ಕಿಂತ ಹೆಚ್ಚು ಸೇರಿಸಿ, ಪಿಎಚ್ (ಆಮ್ಲೀಯತೆಯ ಅಳತೆ, 7 ಎಂದರೆ ತಟಸ್ಥ) 6ರಿಂದ 6.5ರ ಒಳಗೆ ಬರುವಂತೆ ನೋಡಿಕೊಳ್ಳಿ. ಒಣಗಿದ ಕಾಡು ಬಾದಾಮಿ ಎಲೆ ಹಾಕಿದರೆ ನೀರಿಗೆ ಚಹಾದ ಬಣ್ಣ ಬರುವುದಲ್ಲದೆ ಬೂಷ್ಟಿನ ಕಾಟವೂ ಸ್ವಲ್ಪ ತಗ್ಗುತ್ತದೆ. ಆದರೆ ಎಲೆಯೊಂದರಿಂದಲೇ ಗಡಸುತನ ಇಳಿಯುತ್ತದೆಂದು ನಂಬಬೇಡಿ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. 28 ಡಿಗ್ರಿಯಲ್ಲಿ ಸುಮಾರು ಎರಡೂವರೆ ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಆಗ ತಂದೆತಾಯಿಗಳು ಬಾಲ ಅಲ್ಲಾಡಿಸುತ್ತಾ ಬಿದ್ದಿರುವ ಮರಿಗಳನ್ನು ಬಾಯಲ್ಲಿ ತುಂಬಿಕೊಂಡು, ಮರಳಿನಲ್ಲಿ ತೋಡಿಟ್ಟ ಗುಂಡಿಗೆ ಉಗುಳುತ್ತವೆ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಸಾಗಿಸುವುದೂ ಉಂಟು. ಇದನ್ನು ಮೊದಲ ಸಲ ಕಂಡವರು ಮೀನು ಮರಿಗಳನ್ನು ನುಂಗಿತೆಂದು ಗಾಬರಿಯಾಗಿ ಬಲೆ ಹಾಕುತ್ತಾರೆ. ಕಲ್ಲು ಬರಿದಾಗಿದ್ದರೆ ಸುತ್ತಲಿನ ಮರಳನ್ನು ಟಾರ್ಚ್ ಹಿಡಿದು ಒಮ್ಮೆ ನೋಡಿ.

ಕರಟದ ಗುಹೆ:

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೂ ಮೊಟ್ಟೆಗಳನ್ನು ಬೇರೆ ತೆಗೆಯಬೇಕೆ ಎಂಬ ನಿಮ್ಮ ಮೂಲ ಪ್ರಶ್ನೆ ಅದರಲ್ಲಿ ಹಾಗೆಯೇ ಉಳಿಯಿತು. ಮರಿಗಳಷ್ಟೇ ಬೇಕೆಂದರೆ ತೆಗೆಯಿರಿ, ತಪ್ಪೇನಿಲ್ಲ. ಮಾರಾಟಕ್ಕಾಗಿ ಸಾಕುವ ಕಡೆ ಅದೇ ರೂಢಿ. ಕಲ್ಲನ್ನು ನೀರಿನಿಂದ ಮೇಲೆತ್ತದೆ ಡಬ್ಬದೊಳಗೇ ಜಾರಿಸಿಕೊಂಡು, ಅದೇ ಟ್ಯಾಂಕಿನ ನೀರಿನಲ್ಲಿಟ್ಟು, ಗುಳ್ಳೆಗಳು ನೇರವಾಗಿ ಮೊಟ್ಟೆಗೆ ಬಡಿಯದಂತೆ ಪಕ್ಕದಲ್ಲಿ ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಇಳಿಬಿಟ್ಟು, ನೀರು ತಿಳಿ ನೀಲಿಯಾಗುವಷ್ಟು ಮೆಥಿಲಿನ್ ಬ್ಲೂ ಎಂಬ ಬೂಷ್ಟು ತಡೆಯುವ ಔಷಧಿ ಹಾಕಿದರೆ ಸಾಕು. ಬಿಳಿಯಾದ ಮೊಟ್ಟೆಗಳನ್ನು ಡ್ರಾಪರ್‌ನಿಂದ ದಿನವೂ ತೆಗೆಯುತ್ತಿರಬೇಕು.

ನನ್ನ ಆಕ್ಷೇಪ ಬೇರೆಯದು. ಸಿಕ್ಲಿಡ್ (ರಾಮ್ ಸೇರಿರುವ ಮೀನಿನ ಕುಟುಂಬ) ಸಾಕುವುದೇ ಅವುಗಳ ಸಂಸಾರ ನೋಡುವುದಕ್ಕಾಗಿ. ಮರಿಗಳ ಹಿಂಡನ್ನು ನಡುವೆ ಇಟ್ಟುಕೊಂಡು ಗಂಡು ಹೆಣ್ಣು ಸರದಿಯ ಮೇಲೆ ಕಾವಲು ಕಾಯುವುದನ್ನೂ, ದಾರಿ ತಪ್ಪಿದ ಮರಿಯನ್ನು ಬಾಯಲ್ಲಿ ಹಿಡಿದು ತಂದು ಗುಂಪಿಗೆ ಸೇರಿಸುವುದನ್ನೂ ಡಬ್ಬದಲ್ಲಿ ನೋಡಲಾಗದು. ಎಳೆಯ ಜೋಡಿಗಳು ಆರಂಭದ ಮೊಟ್ಟೆಗಳನ್ನು ತಿನ್ನುವುದು ಸಾಮಾನ್ಯವಾದ್ದರಿಂದ ಇನ್ನೂ ಕೆಲವು ಅವಕಾಶ ಕೊಡುವುದೇ ಉತ್ತಮ.

ಮರಿಗಳು ಉಳಿದರೆ ಊಟದ ಸಿದ್ಧತೆ ಮೊದಲೇ ಆಗಿರಬೇಕು. ಒಡೆದ ಮೇಲೆ ನಾಲ್ಕೈದು ದಿನ ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಅವಕ್ಕೆ ಆಹಾರ. ಈಜಲು ಶುರುಮಾಡಿದ ದಿನದಿಂದ ಮೊದಲು ಇನ್ಫ್ಯುಸೋರಿಯಾ (ನೀರಿನ ಸೂಕ್ಷ್ಮಜೀವಿಗಳು) ಅಥವಾ ಮೈಕ್ರೋವರ್ಮ್ (ಅತಿ ಸಣ್ಣ ಹುಳು), ಅದರ ಬೆನ್ನಲ್ಲೇ ಮೊಟ್ಟೆಯಿಂದ ಆಗತಾನೆ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಕೊಡಬೇಕು. ಲೀಟರಿಗೆ 25ರಿಂದ 30 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ, 28 ಡಿಗ್ರಿಯಲ್ಲಿ, ಜೋರಾಗಿ ಗಾಳಿ ಹಾಯಿಸಿದರೆ ಆರ್ಟೀಮಿಯಾ ಸುಮಾರು 24 ಗಂಟೆಗಳಲ್ಲಿ ಒಡೆಯುತ್ತದೆ. ಪುಡಿ ಆಹಾರವೊಂದನ್ನೇ ನೆಚ್ಚಿಕೊಂಡರೆ ಮರಿ ಉಳಿಯುವುದು ಕಷ್ಟ.

ಗಡಸು ನೀರಿನ ಜೊತೆ ಗುದ್ದಾಡುವುದು ಬೇಡವೆಂದರೆ ಕ್ರಿಬೆನ್ಸಿಸ್ ಸಾಕಿ ನೋಡಿ. ದಕ್ಷಿಣ ನೈಜೀರಿಯಾ ಕಡೆಯ ಈ ಮೀನು ನಮ್ಮ ನೀರಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ತೆಂಗಿನ ಕರಟವನ್ನು ಕವುಚಿ ಹಾಕಿ, ಅಂಚಿನಲ್ಲಿ ಒಂದು ಕಿಂಡಿ ಕೊರೆದರೆ ಅದೇ ಗುಹೆ. ಒಳಗಿನ ಚಾವಣಿಗೆ ಮೊಟ್ಟೆ ಅಂಟಿಸುತ್ತವೆ. ಇಲ್ಲಿ ಪ್ರಣಯಕ್ಕೆ ಮುಂದಾಗುವುದು ಹೆಣ್ಣು. ನೇರಳೆಗೆಂಪಾದ ಹೊಟ್ಟೆಯನ್ನು ಉಬ್ಬಿಸಿ, ಮೈಯನ್ನು ಬಿಲ್ಲಿನಂತೆ ಬಾಗಿಸಿ ಗಂಡಿನ ಮುಂದೆ ನಡುಗುತ್ತದೆ. ಮರಿಗಳ ಲಿಂಗದ ಪ್ರಮಾಣ ನೀರಿನ ಪಿಎಚ್ ಅನ್ನು ಅವಲಂಬಿಸಿರುವುದು ಇದರ ಇನ್ನೊಂದು ವಿಶೇಷ: ಆಮ್ಲೀಯ ನೀರಿನಲ್ಲಿ ಗಂಡುಗಳು ಹೆಚ್ಚು, ತಟಸ್ಥಕ್ಕೆ ಹತ್ತಿರವಾದಂತೆ ಹೆಣ್ಣುಗಳು ಹೆಚ್ಚು. ಆದರೆ ಅಪಿಸ್ಟೋಗ್ರಾಮಾ ಕಕಾಟೊಯಿಡೀಸ್ ಎಂಬ ಇನ್ನೊಂದು ಸಣ್ಣ ಸಿಕ್ಲಿಡ್ ತಂದರೆ ಜೋಡಿಯ ಲೆಕ್ಕ ಮರೆತುಬಿಡಿ. ಅದರಲ್ಲಿ ಒಂದು ಗಂಡಿಗೆ ಹಲವು ಹೆಣ್ಣುಗಳು. ಮೊಟ್ಟೆ ಇಟ್ಟ ಹೆಣ್ಣು ಅಚ್ಚ ಹಳದಿಗೆ ತಿರುಗಿ ಗಂಡನ್ನೇ ಹೊರಗಟ್ಟುತ್ತದೆ. ಎರಡು ಅಡಿ ಟ್ಯಾಂಕಿನಲ್ಲಿ ಗಂಡಿಗೆ ಓಡಲು ಜಾಗವಿಲ್ಲದಿದ್ದರೆ ಜೀವಕ್ಕೇ ಅಪಾಯ.

ಉಡುಪಿಯ ಹಿನ್ನೀರು:

ಚರ್ಚೆಯಲ್ಲಿ ದಕ್ಷಿಣ ಅಮೆರಿಕವೂ ಆಫ್ರಿಕವೂ ಬಂದವು, ನಮ್ಮ ಊರಿನದು ಮಾತ್ರ ಬರಲಿಲ್ಲ! ಭಾರತಕ್ಕೆ ಸಹಜವಾದ ಸಿಕ್ಲಿಡ್‌ಗಳು ಮೂರೇ ಮೂರು: ಕೇರಳದವರು ಕರಿಮೀನ್ ಎನ್ನುವ ದೊಡ್ಡ ಮೀನು, ಕರ್ನಾಟಕದ ನದಿಗಳಲ್ಲಿ ಮಾತ್ರ ಕಾಣುವ ಎಟ್ರೊಪ್ಲಸ್ ಕೆನರೆನ್ಸಿಸ್ ಮತ್ತು ಬೆರಳುದ್ದದ ಕಿತ್ತಳೆ ಕ್ರೊಮೈಡ್. ಈ ಕೊನೆಯದನ್ನು ಗಾತ್ರದಿಂದಲೂ ನಡತೆಯಿಂದಲೂ ರಾಮ್‌ನಂಥ ಕುಬ್ಜ ಸಿಕ್ಲಿಡ್‌ಗಳ ಸಾಲಿಗೆ ಸೇರಿಸಬಹುದು.

ಮೊಟ್ಟೆ ಬೇರೆ ತೆಗೆಯುವ ಪ್ರಶ್ನೆಗೆ ಇದು ನೇರವಾಗಿ ಸಂಬಂಧಿಸಿದೆ. ಕ್ರೊಮೈಡ್ ಮರಿಗಳು ಈಜಲು ಕಲಿತ ಮೇಲೆ ತಂದೆತಾಯಿಯ ಮೈಗೆ ಮತ್ತೆ ಮತ್ತೆ ತಾಗಿ, ಚರ್ಮದ ಲೋಳೆಯನ್ನು ಮೇಯುತ್ತವೆ. ಜ್ಯಾಕ್ ವಾರ್ಡ್ ಮತ್ತು ಜಾರ್ಜ್ ಬಾರ್ಲೊ 1967ರಲ್ಲಿ ಈ ವರ್ತನೆಯ ಕುರಿತು ಅಧ್ಯಯನ ಪ್ರಕಟಿಸಿದ್ದಾರೆ. ಇಂಥ ಮೀನಿನಲ್ಲಿ ಮೊಟ್ಟೆಯನ್ನು ತಂದೆತಾಯಿಯಿಂದ ಬೇರೆ ಮಾಡಿದರೆ ಮರಿಗೆ ಕಾವಲಿನ ಜೊತೆಗೆ ಒಂದು ಆಹಾರವೂ ತಪ್ಪುತ್ತದೆ. ರಾಮ್ ಮರಿಗಳು ಲೋಳೆಯನ್ನು ಹೀಗೆ ಅವಲಂಬಿಸಿಲ್ಲ, ಆದ್ದರಿಂದ ಅಲ್ಲಿ ನಷ್ಟ ಅಷ್ಟಾಗಿ ಇಲ್ಲ. ಅಂದಹಾಗೆ, ಇಷ್ಟು ಮಮತೆಯ ಇದೇ ಕ್ರೊಮೈಡ್ ಅವಕಾಶ ಸಿಕ್ಕರೆ ಕರಿಮೀನಿನ ಮೊಟ್ಟೆಗಳನ್ನೂ ಮರಿಗಳನ್ನೂ ಕದ್ದು ತಿನ್ನುತ್ತದೆ. ಹಾಗಾಗಿ ಕೋರಿಡೋರಾಸ್ ಮೇಲಿನ ಅನುಮಾನಕ್ಕೆ ನನ್ನದೂ ಒಂದು ಓಟು.

ಜಯನಗರದ ತೊಟ್ಟಿ:

ಎಲ್ಲರಿಗೂ ಧನ್ಯವಾದ. ಕೋರಿಡೋರಾಸ್‌ಗಳನ್ನು ಬೇರೆ ಮಾಡಿ, ರಾತ್ರಿ ಸಣ್ಣ ದೀಪ ಉರಿಸಿದೆ. ಈ ಸಲ ಬೆಳಿಗ್ಗೆ ಮೊಟ್ಟೆಗಳು ಕಲ್ಲಿನ ಮೇಲೇ ಇದ್ದವು, ಹೆಣ್ಣು ಪಕ್ಕದ ಈಜುರೆಕ್ಕೆಗಳಿಂದ ಅವುಗಳಿಗೆ ನೀರು ಬೀಸುತ್ತಾ ನಿಂತಿತ್ತು. ಆದರೆ ಮರುದಿನ ಸಂಜೆಯ ಹೊತ್ತಿಗೆ ಮುಕ್ಕಾಲು ಪಾಲು ಬಿಳಿಯಾದವು, ಆಮೇಲೆ ಎರಡೂ ಸೇರಿ ಎಲ್ಲವನ್ನೂ ತಿಂದವು. ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಉಪಕರಣ) 340 ತೋರಿಸುತ್ತಿದೆ.

ಮಲ್ಲೇಶ್ವರದ ಮೀನುಮನೆ:

ಹಾಗಾದರೆ ರಾತ್ರಿಯ ಕಳ್ಳತನ ಇತ್ಯರ್ಥವಾಯಿತು, ಇನ್ನುಳಿದದ್ದು ಫಲಿಸುವಿಕೆಯ ಸಮಸ್ಯೆ. ಸ್ವಲ್ಪ ಮೊಟ್ಟೆಗಳಾದರೂ ಬಿಳಿಯಾಗದೆ ಉಳಿದಿದ್ದವೆಂದರೆ ಗಂಡು ಪೂರ್ತಿ ನಿಷ್ಪ್ರಯೋಜಕವಲ್ಲವೆಂದು ಕಾಣುತ್ತದೆ. 340 ಈ ಮೀನಿನ ಮೊಟ್ಟೆಗೆ ಹೆಚ್ಚಾಯಿತು. ಆರ್‌ಒ ನೀರನ್ನು ಒಂದೇ ಸಲ ಸುರಿಯದೆ, ದಿನಕ್ಕೆ ಹತ್ತನೇ ಒಂದು ಭಾಗದಂತೆ ಬದಲಿಸುತ್ತಾ ಎರಡು ಮೂರು ವಾರಗಳಲ್ಲಿ 100ರ ಆಸುಪಾಸಿಗೆ ಇಳಿಸಿ. ಗಡಸುತನ ಇಳಿದಾಗ ಪಿಎಚ್ ಏರುಪೇರಾಗುವ ಸಾಧ್ಯತೆ ಹೆಚ್ಚುವುದರಿಂದ ಅದನ್ನೂ ಅಳೆಯುತ್ತಿರಿ. ಆ ನೀರಿನಲ್ಲಿಯೂ ಮೊಟ್ಟೆಗಳು ಇದೇ ಪ್ರಮಾಣದಲ್ಲಿ ಬಿಳಿಯಾದರೆ ಗಂಡಿನ ಮೇಲೆ ಅನುಮಾನ ಪಡಬಹುದು. ಬಣ್ಣ ಬೇಗ ಏರಲೆಂದು ಹಾರ್ಮೋನ್ ಕೊಟ್ಟು ಬೆಳೆಸಿದ, ಸಂತಾನಶಕ್ತಿ ಕುಂದಿದ ಗಂಡುಗಳು ಮಾರುಕಟ್ಟೆಗೆ ಬರುವುದುಂಟು. ಆಗ ಅಂಗಡಿಯವರು ಆರಿಸಿಕೊಡುವ ಸಿದ್ಧ ಜೋಡಿಯ ಬದಲು ಐದಾರು ಎಳೆಯ ಮೀನುಗಳನ್ನು ತಂದು, ಅವು ತಾವಾಗಿಯೇ ಜೋಡಿಯಾಗುವವರೆಗೆ ಒಟ್ಟಿಗೆ ಬೆಳೆಸಿ.