ಪದ ಬೇಕಿತ್ತು, ಅರ್ಜೆಂಟ್: ಬೇಟೆ ಟ್ರೈಪಾಡಿನ ಸೆಂಟರ್ ಕಾಲಂ, ಹೆಡ್, ಗ್ಲಾಸಿಂಗ್

ಎಲ್ಲರಿಗೂ ನಮಸ್ಕಾರ,

ನಾಳೆ ಸಂಜೆಯೊಳಗೆ ಫೈಲ್ ಕಳಿಸ್ಬೇಕು, ಅದಕ್ಕೇ ಕೇಳ್ತಿದೀನಿ. ಬೆನ್ನಿಗೆ ಬ್ಯಾಗ್ ಏರಿಸ್ಕೊಂಡು ದಿನಗಟ್ಟಲೆ ಬೆಟ್ಟ ಸುತ್ತಿ ಬೇಟೆಯಾಡೋರು ಹಗುರವಾದ ಟ್ರೈಪಾಡ್ ಹೇಗೆ ಆರಿಸ್ಕೋಬೇಕು ಅನ್ನೋ ಕೈಪಿಡಿಯನ್ನ ಕನ್ನಡಕ್ಕೆ ತರ್ತಾ ಇದೀನಿ. ಟ್ರೈಪಾಡ್ ಅನ್ನೋದನ್ನ ಹಾಗೇ ಬಿಟ್ಟಿದೀನಿ, ದಯವಿಟ್ಟು ಅದರ ಮೇಲೆ ಜಗಳ ಬೇಡ. ನನಗೆ ತೊಡಕಾಗಿರೋದು ಮೂರು: ಕಾಲುಗಳ ನಡುವೆ ಮೇಲೆ ಕೆಳಗೆ ಆಡೋ ಸೆಂಟರ್ ಕಾಲಂ, ಅದರ ನೆತ್ತಿ ಮೇಲೆ ಕೂತು ಬೈನಾಕ್ಯುಲರನ್ನ ತಿರುಗಿಸೋ ಹೆಡ್, ಆಮೇಲೆ ಗ್ಲಾಸಿಂಗ್, ಅಂದ್ರೆ ಒಂದು ಕಡೆ ಕೂತು ಎದುರಿನ ಇಳಿಜಾರನ್ನ ಗಂಟೆಗಟ್ಟಲೆ ಬಿಡಿಬಿಡಿಯಾಗಿ ನೋಡೋದು. ಈಗ ಬರೆದಿರೋದು ಹೀಗಿದೆ: "ಮಧ್ಯಕಂಬವನ್ನು ತೆಗೆದರೆ ತೂಕವೂ ಇಳಿಯುತ್ತದೆ, ಅಲುಗಾಟವೂ ತಗ್ಗುತ್ತದೆ. ನಂತರ ತಲೆಯನ್ನು ಬಿಗಿಯಾಗಿ ತಿರುಗಿಸಿ ಕೂರಿಸಿ." ಎರಡನೇ ವಾಕ್ಯ ನನಗೇ ಓದೋಕೆ ಭಯ ಆಗುತ್ತೆ.

* * *

> ಮಧ್ಯಕಂಬವನ್ನು ತೆಗೆದರೆ

ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ನಡುಗಂಬ ಅನ್ನಿ. ಕಕಾರಕ್ಕೆ ಗಕಾರ ಬರೋದನ್ನ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ ಅಂದ್ಕೋತೀನಿ.

> ಅದರ ಮೇಲೆ ಜಗಳ ಬೇಡ

ಬೇಡ ಅಂದ್ರೆ ಹೇಗೆ ಮೇಡಂ? ಮುಕ್ಕಾಲಿ ಅನ್ನೋ ಮುದ್ದಾದ ಪದ ಮನೇಲಿ ಇಟ್ಕೊಂಡು ಟ್ರೈಪಾಡ್ ಅಂತೀರ. ಮುಕ್ಕಣ್ಣ, ಮುಮ್ಮಡಿ, ಮುಪ್ಪುರಿ ಎಲ್ಲ ಇರೋ ಭಾಷೇಲಿ ಮೂರು ಕಾಲಿಗೆ ಬಡತನ ಬಂತಾ?

* * *

ಮುಕ್ಕಾಲಿ ಅಂದ್ರೆ ಜನಕ್ಕೆ ಕೂರೋ ಸ್ಟೂಲು. ಶಾಸ್ತ್ರೀಯವಾಗಿ ತ್ರಿಪಾದಿ ಸರಿ. ಇಂಗ್ಲಿಷಿನವರು ತಂದಿದ್ದು ಗ್ರೀಕಿನಿಂದ, ಆ ಗ್ರೀಕಿನ ಮೂರು ಮತ್ತು ಪಾದ, ನಮ್ಮ ತ್ರಿ ಮತ್ತು ಪಾದ ಎರಡೂ ಒಂದೇ ಬೇರಿನವು, ಹಾಗಾಗಿ ತ್ರಿಪಾದಿ ಅಂದ್ರೆ ಅದು ಅನುವಾದವೂ ಅಲ್ಲ, ಮನೆಮಾತಿನ ಅಣ್ಣನೇ ವಾಪಸ್ ಬಂದ ಹಾಗೆ. ಆದರೆ ದಯವಿಟ್ಟು ತ್ರಿಪದಿ ಅಂತ ಬರೀಬೇಡಿ. ಅದು ಛಂದಸ್ಸು, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 700ರ ಹೊತ್ತಿಗೇ ಇದೆ, ಅದರ ಮೇಲೆ ದುರ್ಬೀನು ನಿಲ್ಲಲ್ಲ.

* * *

ನಾನು ಈ ಸಾಮಾನನ್ನ ಬೆನ್ನ ಮೇಲೆ ಹೊತ್ತು ತಿರುಗಿದವನು, ಪಂಡಿತ ಅಲ್ಲ, ಅದಕ್ಕೇ ಎರಡು ಮಾತು.

ಮುಕ್ಕಾಲಿ ಬೇಡವೇ ಬೇಡ. ಕಾಲುಗಳಲ್ಲಿ ಮೇಲಿನ ದಪ್ಪ ಭಾಗಗಳನ್ನ ಮೊದಲು ಎಳೀಬೇಕು, ಕೊನೇ ಸಣ್ಣ ಭಾಗವನ್ನ ಆದಷ್ಟೂ ಒಳಗೇ ಬಿಡಬೇಕು, ಅಲುಗಾಟ ಶುರುವಾಗೋದೇ ಅಲ್ಲಿಂದ. ಈಗ ಇದನ್ನ ಬರೀರಿ ನೋಡೋಣ: "ಮುಕ್ಕಾಲಿಯ ಕಾಲನ್ನು ಮುಕ್ಕಾಲು ಮಾತ್ರ ಎಳೆಯಿರಿ." ಇನ್ನು ಬೈನಾಕ್ಯುಲರನ್ನ ಟ್ರೈಪಾಡಿಗೆ ಜೋಡಿಸೋ ಅಡಾಪ್ಟರಿನ ಸ್ಕ್ರೂ 1/4 ಇಂಚಿಂದು, ಕಾಲು ಇಂಚಿನ ಸ್ಕ್ರೂ ಅಂದ್ರೆ ಓದೋರು ಅದನ್ನ ಕಾಲಿಗೆ ಹಾಕ್ತಾರೆ. ಅಂಕೀಲೇ ಬರೆದುಬಿಡಿ. ಕಾಲಿನ ಮೇಲೆ ಹೆಡ್ ಕೂರೋ ಸ್ಕ್ರೂ ಸಾಮಾನ್ಯವಾಗಿ 3/8 ಇಂಚು, ಅದನ್ನೂ ಬೇರೆಯಾಗಿ ಹೇಳಿ.

ನಡುಗಂಬ ಚೆನ್ನಾಗಿದೆ, ತಗೊಳ್ಳಿ. ಬೇಟೆಯವನು ನೆಲಕ್ಕೆ ಕೂತೇ ಹೆಚ್ಚು ನೋಡೋದು, ಅವನಿಗೆ ಆ ಕಂಬದ ಎತ್ತರ ಬೇಕಾಗಿಲ್ಲ, ಮೇಲೆ ಎತ್ತಿದಷ್ಟೂ ಗಾಳಿಗೆ ನಡುಗುತ್ತೆ. ನಡುಗೋ ಕಂಬ ನಡುಗಂಬ, ಇದು ವ್ಯುತ್ಪತ್ತಿ ಅಲ್ಲ ಸ್ವಾಮಿ, ಹೊಡೀಬೇಡಿ.

ಹೆಡ್‌ಗೆ ತಲೆ ಬೇಡ. ಅದರ ಕೆಲಸ ನೋಡಿ ಹೆಸರಿಡಿ. ಬಾಲ್ ಹೆಡ್ಡು, ಅಂದ್ರೆ ಉಂಡೆ ಮೇಲೆ ತಿರುಗೋದು, ಹಗುರ ನಿಜ, ಆದರೆ ಸಡಿಲ ಮಾಡಿದ ಕೂಡ್ಲೇ ನಾಲ್ಕೂ ದಿಕ್ಕಿಗೆ ವಾಲುತ್ತೆ, ಇಳಿಜಾರನ್ನ ಸಾಲು ಹಿಡಿದು ನೋಡೋಕೆ ಆಗಲ್ಲ. ಪ್ಯಾನ್ ಹೆಡ್ಡಲ್ಲಿ ಅಡ್ಡಕ್ಕೆ ತಿರುಗೋದು ಬೇರೆ, ಮೇಲೆ ಕೆಳಗೆ ಬಾಗೋದು ಬೇರೆ. ಫ್ಲೂಯಿಡ್ ಹೆಡ್ಡಲ್ಲಿ ಒಳಗೆ ಗಟ್ಟಿ ಗ್ರೀಸಿನಂಥದ್ದು ತಡೆ ಕೊಡುತ್ತೆ, ಜರ್ಕ್ ಇಲ್ಲದೆ ಸರಿಯುತ್ತೆ, ಸ್ವಲ್ಪ ಭಾರ. ನನಗೆ ಕೇಳಿದ್ರೆ ತಿರುಗಣೆ. ಬಾಲ್ ಹೆಡ್ಡಿಗೆ ಗುಂಡು ತಿರುಗಣೆ, ಪ್ಯಾನ್ ಹೆಡ್ಡಿಗೆ ಅಡ್ಡ ತಿರುಗಣೆ.

* * *

> ಗುಂಡು ತಿರುಗಣೆ

ಬೇಟೆ ಕೈಪಿಡೀಲಿ ಗುಂಡು ಅಂತ ಬರೆದು ನೋಡಿ ಏನಾಗುತ್ತೆ ಅಂತ.

ಗ್ಲಾಸಿಂಗ್‌ಗೆ ಕಣ್ಣಾಡಿಸು.

* * *

ಕಣ್ಣಾಡಿಸೋದು ಪೇಪರಿನ ಮೇಲೆ. ಇದು ಅಷ್ಟು ಸಲೀಸಲ್ಲ. 10 ಪಟ್ಟು ಹಿಗ್ಗಿಸೋ ಬೈನಾಕ್ಯುಲರಲ್ಲಿ ಕೈನಡುಕವೂ 10 ಪಟ್ಟು ಹಿಗ್ಗುತ್ತೆ, ಅದನ್ನ ಟ್ರೈಪಾಡಿಗೆ ಕೂರಿಸಿದ ಮೇಲೇನೇ ಪೊದೆ ಮರೇಲಿ ಅಲ್ಲಾಡೋ ಕಿವಿ ಕಾಣೋದು, ಕೊಂಬಿನ ತುದಿ ಕಾಣೋದು. ಅಷ್ಟಷ್ಟೇ ಜಾಗ ಹಿಡಿದು, ಮುಗಿಸಿ, ಪಕ್ಕಕ್ಕೆ ಸರಿಯೋದು. ಜಾಲಾಡು ಅನ್ನಿ. ದುರ್ಬೀನಿನಿಂದ ಇಳಿಜಾರನ್ನು ಜಾಲಾಡಿ. ಹೊಂಚು ಅಂತ ಯಾರಾದ್ರೂ ಹೇಳೋ ಮುಂಚೆ ಹೇಳಿಬಿಡ್ತೀನಿ, ಹೊಂಚು ಹಾಕೋದು ಬೇರೆ, ಅಲ್ಲಿ ಪ್ರಾಣಿ ನಿನ್ನ ಹತ್ರ ಬರಲಿ ಅಂತ ಕಾಯೋದು.

* * *

ಬೇಟೆ ಅಂತ ಎಲ್ಲರೂ ಸಲೀಸಾಗಿ ಬರೀತಿದೀರಲ್ಲ, ಹಳಗನ್ನಡದಲ್ಲಿ ಮೃಗಯೆಗೆ ಬೇಂಟೆ, ಸೊನ್ನೆ ಇದೆ. ಬೇಟ ಅಂದ್ರೆ ಪ್ರೇಮ. ಸೊನ್ನೆ ಬಿದ್ದುಹೋದ ಮೇಲೆ ಎರಡೂ ಹೆಚ್ಚು ಕಮ್ಮಿ ಒಂದೇ ಥರ ಕೇಳಿಸ್ತವೆ. ಕೈಪಿಡೀಲಿ ಬೇಂಟೆ ಅಂತ ಹಾಕಿದ್ರೆ ಒಂದು ಪದವನ್ನ ಉಳಿಸಿದ ಪುಣ್ಯ ಬರುತ್ತೆ.

* * *

ಕೇಳಿದ್ದಕ್ಕೆ ಉತ್ತರ ಕೊಡಿ ಸಾರ್. ಅವರಿಗೆ ನಾಳೆ ಡೆಡ್‌ಲೈನು.

* * *

> ದುರ್ಬೀನಿನಿಂದ ಇಳಿಜಾರನ್ನು ಜಾಲಾಡಿ

ದುರ್ಬೀನು ಪಾರಸಿ. ಜಾಲ ಸಂಸ್ಕೃತ. ಉಳಿದದ್ದು ಇಳಿಜಾರು ಒಂದೇ. ಹೀಗೇ ಸಾಲ ತರ್ತಾ ಹೋದ್ರೆ ಕನ್ನಡ ಅನ್ನೋದು ವಿಭಕ್ತಿ ಪ್ರತ್ಯಯ ಮಾತ್ರ ಆಗುತ್ತೆ.

* * *

ಕುರ್ಚಿ ಬಿಟ್ಟು ನೆಲದ ಮೇಲೆ ಕೂತು, ಜೇಬಿಂದ ಏನೂ ತೆಗೀದೆ, ಕಾಗದ ಮುಟ್ಟದೆ ಈ ಮಾತು ಬರೆದ್ರಾ? ಕುರ್ಚಿ, ಜೇಬು, ಕಾಗದ ಎಲ್ಲಾ ಹೊರಗಿನವೇ. ಬೇಟೆಯವನ ಕೈಯ ಬಂದೂಕೂ ಹೊರಗಿಂದೇ.

ನನ್ನ ತಕರಾರು ಬೇರೆ. ಪದ ಎಲ್ಲಿಂದ ಬಂತು ಅನ್ನೋದಕ್ಕಿಂತ ಬಂದ ಮೇಲೆ ನಮ್ಮ ಹಾಗೆ ನಡೀತಾ ಇದೆಯಾ ನೋಡಿ. ದುರ್ಬೀನು ಕೊನೇಲಿ ಉಕಾರ ಹಾಕ್ಕೊಂಡು ಮನೆಯವನಾಯ್ತು. ಟ್ರೈಪಾಡ್ ಇನ್ನೂ ಅರ್ಧಾಕ್ಷರದ ಮೇಲೆ ನಿಂತಿದೆ, ಅದಕ್ಕೂ ಉಕಾರ ಹಚ್ಚಿ, ಟ್ರೈಪಾಡು, ಹೆಡ್ಡು. ಬಾಯಲ್ಲಿ ಎಲ್ಲರೂ ಹೇಳೋದು ಹಾಗೇ, ಬರೆಯೋವಾಗ ಮಾತ್ರ ನಾಚಿಕೆ.

* * *

ಆಡುಮಾತನ್ನೆಲ್ಲ ಅಚ್ಚಿಗೆ ಹಾಕೋದಾದ್ರೆ ವ್ಯಾಕರಣ ಯಾಕೆ. ನಾನು ಇನ್ನು ಈ ಚರ್ಚೆಯ ಎಳೇಲಿ ಬರೆಯಲ್ಲ. ನಡುಗಂಬ ನನ್ನದು, ನೆನಪಿರಲಿ.

* * *

ಎಲ್ಲರಿಗೂ ಥ್ಯಾಂಕ್ಸ್. ನಡುಗಂಬ, ಹೆಡ್ಡು, ಜಾಲಾಡು, ಇಷ್ಟು ಹಾಕ್ಕೋತೀನಿ. ತಿರುಗಣೆ ತುಂಬಾ ಹಿಡಿಸ್ತು, ಆದರೆ ಕೈಪಿಡಿ ಓದಿದವರು ಅಂಗಡೀಲಿ ಹೋಗಿ ಹೆಡ್ಡೇ ಕೇಳಬೇಕಲ್ಲ.

ಕೊನೇದು ಒಂದಿದೆ: ಕಾಲಿನ ಭಾಗಗಳನ್ನ ಬಿಗಿ ಮಾಡೋ ಟ್ವಿಸ್ಟ್ ಲಾಕ್, ಫ್ಲಿಪ್ ಲಾಕ್. ಎರಡನೇದಕ್ಕೆ ಚಿಲಕ ಆಗುತ್ತಾ?

* * *

ಚಿಲಕ ಅಂದ್ರೆ ಬಾಗಿಲು ಬೇಕು. ತಿರುಪೋ ಲಾಕು, ಮಡಚೋ ಲಾಕು, ಸಾಕು. ಮಡಚೋದು ಹಾಕಿದೆಯೋ ಬಿಟ್ಟಿದೆಯೋ ಕಣ್ಣಿಗೇ ಗೊತ್ತಾಗುತ್ತೆ, ಆದರೆ ಪೊದೆಗೆ, ಬ್ಯಾಗಿನ ಪಟ್ಟಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ತಿರುಪೋದು ಅಚ್ಚುಕಟ್ಟು, ಆದರೆ ಬಿಗಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು, ತಿರುಪಿನ ಎಳೆಗಳಲ್ಲಿ ಮರಳು ಸೇರಿದ್ರೆ ಕರಕರ ಅನ್ನುತ್ತೆ. ಮೂಲದಲ್ಲಿ ಇದನ್ನ ಬರೆದಿಲ್ಲ ಅಂದ್ರೆ ನೀವೇ ಸೇರಿಸಿಬಿಡಿ.

* * *

ಅನುವಾದಕರು ಸೇರಿಸೋದಾ? ಇದಕ್ಕೆ ಬೇರೆ ಎಳೆ ಶುರು ಮಾಡ್ತೀನಿ.