ಅಪ್‌ಡೇಟ್: ತಾನಾಗೇ ಆಫ್ ಆಗುತ್ತಿದ್ದ ಡೆಸ್ಕ್‌ಟಾಪ್, ತೊಂದರೆ ಇದ್ದದ್ದು ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ)

ಕಳೆದ ವಾರ ಕೇಳಿದ್ದೆನಲ್ಲ, ವಿಡಿಯೋ ಎಡಿಟ್ ಮಾಡುವಾಗ ನನ್ನ ಡೆಸ್ಕ್‌ಟಾಪ್ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ, ಎರರ್ ತೋರಿಸುವ ಬ್ಲೂ ಸ್ಕ್ರೀನ್ ಕೂಡ ಬರುವುದಿಲ್ಲ ಅಂತ. ಕಾರಣ ಸಿಕ್ಕಿತು.

ಮೊದಲು ನೀವು ಹೇಳಿದ ಹಾಗೆ ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ರಬ್ಬರ್‌ನಿಂದ ಉಜ್ಜಿ ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ. ಪ್ರೊಸೆಸರ್ ಬಿಸಿ 65 ಡಿಗ್ರಿ ದಾಟಿರಲಿಲ್ಲ, ಹಾಗಾಗಿ ಅದರ ಬಿಸಿ ಹೊರಹೋಗಲು ಹಚ್ಚುವ ಥರ್ಮಲ್ ಪೇಸ್ಟ್ ಮೇಲಿನ ಅನುಮಾನವೂ ಹೋಯಿತು.

ಕೊನೆಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಎಸ್‌ಎಂಪಿಎಸ್‌ನಿಂದ ಬರುವ ಹಳದಿ ವೈರ್‌ನಲ್ಲಿ 12 ವೋಲ್ಟ್ ಬರಬೇಕು, 5 ಪರ್ಸೆಂಟ್ ಹೆಚ್ಚುಕಮ್ಮಿ ನಡೆಯುತ್ತದೆ, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಸುಮ್ನೆ ಆನ್ ಇದ್ದಾಗ 11.9 ತೋರಿಸುತ್ತಿತ್ತು, ಆದರೆ ಎಡಿಟಿಂಗ್ ಶುರು ಮಾಡಿ ಗ್ರಾಫಿಕ್ಸ್ ಕಾರ್ಡ್ ಮೇಲೆ ಲೋಡ್ ಬಿದ್ದ ಕೂಡಲೇ 11.1ಕ್ಕೆ ಇಳಿದು ಮೆಷಿನ್ ಆಫ್! ಗೆಳೆಯನ ಎಸ್‌ಎಂಪಿಎಸ್ ತಂದು ಹಾಕಿದೆ. 4 ಗಂಟೆ ರೆಂಡರ್ ಮಾಡಿದರೂ ಒಮ್ಮೆಯೂ ನಿಲ್ಲಲಿಲ್ಲ.

ಈಗ ಹೊಸದು, 550 ವ್ಯಾಟ್‌ನದ್ದು ತಂದಿದ್ದೇನೆ. ಹಳೆಯದನ್ನು ಬಿಚ್ಚಿ ನೋಡು ಅಂದಿದ್ದರು ಒಬ್ಬರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು. ಮಲ್ಟಿಮೀಟರ್ ಇಟ್ಟು ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಇಲ್ಲದಿದ್ದರೆ ಸರಿಯಾಗೇ ಇದ್ದ ಮದರ್‌ಬೋರ್ಡ್ ಬದಲಿಸಿಬಿಡುತ್ತಿದ್ದೆ.